ತಳಕಿನ ತನಕ ಹೋಗಿ ಬಾ

ಚಳ್ಳಕೆರೆಯಲ್ಲಿ ತನ್ನ ಕೆಲಸಕ್ಕೆಂದು ಉಗುರುಬಣ್ಣ ಕೊಳ್ಳುತ್ತಿದ್ದ ಗಂಡಸು ನನಗೆ ತಿಳಿದಂತೆ ಒಬ್ಬರೇ. ಸಂತೆಯ ದಿನ ಹೆಂಡತಿಯನ್ನು ಮೊಪೆಡ್ಡಿನ ಹಿಂದೆ ಕೂರಿಸಿಕೊಂಡು ಬಂದು, ತಾವು ಬಳೆ ಅಂಗಡಿಯ ಹೊರಗೆ ನಿಂತು, ಆಕೆಯನ್ನು ಒಳಗೆ ಕಳಿಸುತ್ತಿದ್ದರು. ಆಕೆ ಪ್ರತಿ ಸಲವೂ ಅದೇ ಅಂಗಡಿಯಲ್ಲಿ ಅದೇ ಬಣ್ಣ ಆರಿಸಿ ತರುತ್ತಿದ್ದರು. ಒಣಮೆಣಸಿನಕಾಯಿಯಂಥ ಕಡುಗೆಂಪು. ಆ ತಾಯಿ ಒಂದು ದಿನವೂ ಅದನ್ನು ತನ್ನ ಉಗುರಿಗೆ ಹಚ್ಚಿಕೊಂಡವರಲ್ಲ. ಸೀಸೆ ನೇರವಾಗಿ ಬಳ್ಳಾರಿ ರಸ್ತೆಯ ತಗಡಿನ ಶೆಡ್ಡಿಗೆ ಹೋಗಿ ಲೇತಿನ ಪಕ್ಕದ ಕಿಟಕಿಯಲ್ಲಿ ಕೂರುತ್ತಿತ್ತು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆ ಹೆಸರಿಗೆ ನಾನು ಒಮ್ಮೆ ಮಾಡಿದ್ದೇ ಸಾಕು. ಊರೆಲ್ಲ ಮೇಸ್ತ್ರಿ ಅನ್ನುತ್ತಿತ್ತು, ನಾನೂ ಹಾಗೇ ಅನ್ನುತ್ತೇನೆ.

ತೊಂಬತ್ತರ ದಶಕದ ನಡುವಿನ ಮಾತು. ನಮ್ಮ ಕಡೆ ಜನ ತುಂಬಿಕೊಂಡು ಓಡುತ್ತಿದ್ದ ವ್ಯಾನುಗಳೆಲ್ಲ ಹಳೇ ಮೆಟಡಾರ್‌ಗಳು. ಅವುಗಳ ಮೂಲ ರಿಮ್ಮುಗಳು ತುಕ್ಕು ಹಿಡಿದು, ಬಿರುಕು ಬಿಟ್ಟು, ಬೆಸುಗೆಯ ಮೇಲೆ ಬೆಸುಗೆ ಹಾಕಿಸಿಕೊಂಡು ಉಸಿರು ಹಿಡಿದಿದ್ದವು. ಅದೇ ಅಳತೆಯ ಹೊಸದು ಹುಡುಕಿದರೂ ಸಿಗುತ್ತಿರಲಿಲ್ಲ. ಹಾಗಾಗಿ ಮಾಲೀಕರು ಬೆಂಗಳೂರಿನ ಗುಜರಿಯಿಂದ ಬೇರೆ ಯಾವುದೋ ಗಾಡಿಯ ರಿಮ್ಮು ಹೊತ್ತು ತಂದು, ಇದನ್ನೇ ಕೂರಿಸಿ ಅನ್ನುತ್ತಿದ್ದರು. ಬೋಲ್ಟಿನ ತೂತು ಹೊಂದಿತೋ, ಬಿಗಿದು ಕಳಿಸಿ ಕೈ ತೊಳೆದುಕೊಳ್ಳುವ ಮೇಸ್ತ್ರಿಗಳು ಊರಲ್ಲಿ ನಾಲ್ಕಾರು ಮಂದಿ ಇದ್ದರು.

ನಮ್ಮ ಮೇಸ್ತ್ರಿ ಆ ಜಾತಿಯವರಲ್ಲ. ರಿಮ್ಮಿನ ನಡುವಿನ ದೊಡ್ಡ ತೂತು ಗಾಡಿಯ ಅಚ್ಚಿನ ತುದಿಯ ಗುಂಬದ ಮೇಲೆ ಬಿಗಿಯಾಗಿ ಕೂರಬೇಕು ಅನ್ನೋದು ಅವರ ಮೊದಲ ಪಾಠ. ಅಲ್ಲಿ ಒಂದು ಕೂದಲೆಳೆಯಷ್ಟು ಸಂದಿ ಇದ್ದರೂ ಗಾಡಿಯ ಭಾರವೆಲ್ಲ ಬೋಲ್ಟುಗಳ ಕುತ್ತಿಗೆಗೇ ಬೀಳುತ್ತದೆ. ಆ ಸಂದಿಗೆ ಸರಿಯಾಗಿ ಲೇತಿನಲ್ಲಿ ಉಕ್ಕಿನ ಬಳೆ ಕಡೆದು ಕೂರಿಸುತ್ತಿದ್ದರು. ರಿಮ್ಮು ದಪ್ಪವಾಗಿದ್ದರೆ ಬೋಲ್ಟು ಬದಲಿಸಿ ಉದ್ದದ್ದು ಹಾಕುತ್ತಿದ್ದರು. ನಟ್ಟಿನ ಮೂತಿ ರಿಮ್ಮಿನ ತಗ್ಗಿಗೆ ಒಪ್ಪದಿದ್ದರೆ ನಟ್ಟನ್ನೂ ಕಡೆಯುತ್ತಿದ್ದರು. ಇಷ್ಟೆಲ್ಲ ಆಗುವಷ್ಟರಲ್ಲಿ ಎರಡು ದಿನ. ಮಾಲೀಕರು ಹಲ್ಲು ಕಡಿಯುತ್ತಿದ್ದರು, ಆದರೂ ಅಲ್ಲಿಗೇ ಬರುತ್ತಿದ್ದರು.

ಅಗಲದ ಟಯರು ಒಳಗೆ ಸ್ಪ್ರಿಂಗ್ ಪಟ್ಟಿಗೆ ಉಜ್ಜುತ್ತದೋ ಇಲ್ಲವೋ ನೋಡಲು ಅವರದೇ ಒಂದು ಉಪಾಯವಿತ್ತು. ಎದುರಿನ ಹೋಟೆಲಿನಿಂದ ಪೂರಿ ಹಿಟ್ಟಿನ ಉಂಡೆ ತರಿಸಿ ಟಯರಿಗೂ ಪಟ್ಟಿಗೂ ನಡುವೆ ಮೆತ್ತುತ್ತಿದ್ದರು. ಆಮೇಲೆ ಪಕ್ಕದ ಶೇಂಗಾ ಮಿಲ್ಲಿನ ಹಮಾಲರನ್ನು ಟೀ ಕುಡಿಯಲು ಕರೆದು ವ್ಯಾನಿನೊಳಗೆ ತುಂಬಿ, ಒಂದು ಸುತ್ತು ಹಳ್ಳದಿಣ್ಣೆ ಹತ್ತಿಸಿ ಇಳಿಸಿ ತಂದು, ಹಿಟ್ಟು ಎಷ್ಟು ಅಪ್ಪಚ್ಚಿಯಾಗಿದೆ ಅಂತ ಬೆರಳಿಟ್ಟು ಅಳೆಯುತ್ತಿದ್ದರು. ಒಂದು ಬೆರಳು ದಪ್ಪ ಉಳಿದಿರಬೇಕು, ಅದಕ್ಕಿಂತ ಕಡಿಮೆಯಾದರೆ ಚಕ್ರ ವಾಪಸು. ಹೋಟೆಲಿನವನು ಮಾತ್ರ ದಿನಾ ರೇಗಿಸುತ್ತಿದ್ದ, ಮೇಸ್ತ್ರಿ ಗಾಡಿಗೂ ಪೂರಿ ತಿನ್ನಿಸ್ತಾರೆ ಅಂತ. ಹಮಾಲರಿಗಂತೂ ಹಬ್ಬ.

ನಟ್ಟು ಬಿಗಿಯುವಾಗ ತೆಲುಗಿನಲ್ಲಿ ಎಣಿಸುತ್ತಿದ್ದರು. ಒಕಟಿ, ರೆಂಡು, ಮೂಡು. ಮನೆಮಾತು ಕನ್ನಡವೇ. ಆದರೆ ಅವರಪ್ಪ ದೊಡ್ಡಉಳ್ಳಾರ್ತಿಯ ಕಾವಲಿನಲ್ಲಿ ಕುರಿ ಮೇಯಿಸುವಾಗ, ಗಡಿಯಾಚೆಯಿಂದ ಬಂದ ಕುರಿಗಾರರ ಜೊತೆ ಸೇರಿ ತೆಲುಗಿನಲ್ಲೇ ಕುರಿ ಎಣಿಸುತ್ತಿದ್ದರಂತೆ. ಇವರು ಎಣಿಕೆ ಕಲಿತದ್ದು ಅಲ್ಲಿ, ಶಾಲೆಯಲ್ಲಲ್ಲ. ಒಂದು ಬಿಗಿದ ಮೇಲೆ ಪಕ್ಕದ್ದನ್ನು ಮುಟ್ಟದೆ ಎದುರಿನದಕ್ಕೆ ಹೋಗುವರು. ನಟ್ಟು ತಿರುಗಿಸುವ ಪಾನ ಪಕ್ಕಕ್ಕಿಟ್ಟ ಮೇಲೂ ಅಂಗೈಯಿಂದ ಪ್ರತಿ ನಟ್ಟನ್ನೂ ಒಂದು ಸಲ ಸವರುವರು. ಆ ಸವರುವ ಕೈ ಈಗಲೂ ನನ್ನ ಕಣ್ಣ ಮುಂದಿದೆ.

ಇಷ್ಟಾದರೂ ಕೆಲಸ ಮುಗಿಯಿತು ಅನ್ನುವ ಹಾಗಿರಲಿಲ್ಲ. ಹೊಸದಾಗಿ ಕೂರಿಸಿದ ಚಕ್ರ ಮೊಳಕಾಲ್ಮೂರಿನ ದಾರಿಯಲ್ಲಿ ಸಿಗುವ ತಳಕು ಊರಿನ ತನಕ ಹೋಗಿ ಬರಬೇಕಿತ್ತು. ಹೋಗೋಕೆ ಒಂದರ್ಧ ಗಂಟೆ, ಬರೋಕೆ ಒಂದರ್ಧ ಗಂಟೆ. ಬಂದ ಮೇಲೆ ಎರಡನೇ ಸಲ ಬಿಗಿಯುವರು. ಪ್ರತಿ ಸಲವೂ ಒಂದೆರಡು ನಟ್ಟು ಕಾಲು ಸುತ್ತು ತಿರುಗುತ್ತಿದ್ದವು. ಆಗಲೇ ಕಿಟಕಿಯ ಸೀಸೆ ಕೆಳಗಿಳಿಯುತ್ತಿದ್ದದ್ದು. ನಟ್ಟಿನ ತುದಿಯಿಂದ ರಿಮ್ಮಿನ ಮೇಲೆ ಒಂದು ಕೆಂಪು ಗೆರೆ. ನಟ್ಟು ಕದಲಿದರೆ ಗೆರೆ ಮುರಿಯುತ್ತದೆ, ಡ್ರೈವರು ಬೆಳಿಗ್ಗೆ ಒಂದು ಸುತ್ತು ಹಾಕಿದರೆ ಕಣ್ಣಿಗೆ ಬೀಳುತ್ತದೆ. ಗೆರೆ ಇರುವ ಚಕ್ರ ಮೇಸ್ತ್ರಿ ಒಪ್ಪಿದ ಚಕ್ರ. ಮೊಳಕಾಲ್ಮೂರಿನ ತನಕ ಪ್ರತಿ ಮಾಲೀಕನೂ ಗಾಡಿ ಬಂದ ಕೂಡಲೇ ಕೇಳುತ್ತಿದ್ದ ಮಾತು ಒಂದೇ, ಗೆರೆ ಬಿತ್ತಾ?

ಯಾಕೆ ಈ ತಳಕಿನ ತಲೆನೋವು ಅಂತ ನಾನೇ ಒಮ್ಮೆ ಕೇಳಿದ್ದೆ. ರಿಮ್ಮಿಗೆ ಹೊಸದಾಗಿ ಬಣ್ಣ ಬಳಿದಿರುತ್ತದೆ, ಓಡುವಾಗ ನಟ್ಟಿನ ಕೆಳಗಿನ ಬಣ್ಣ ಸವೆದು ಸಡಿಲವಾಗುತ್ತದೆ, ಕಬ್ಬಿಣ ಕಬ್ಬಿಣಕ್ಕೆ ಕೂತ ಮೇಲೆಯೇ ನಿಜವಾದ ಬಿಗಿ ಅಂತ ವಿವರಿಸಿದರು. ಆಮೇಲೆ ಸುಮ್ಮನೆ ಬೀಡಿ ಹಚ್ಚಿ ಇನ್ನೊಂದು ಕಾರಣ ಹೇಳಿದರು.

"ನಮ್ಮಪ್ಪ ಸಂತೇಲಿ ಕೊಂಡ ಕುರೀನ ನೇರ ಹಿಂಡಿಗೆ ಬಿಡ್ತಿರಲಿಲ್ಲ ಕಣೋ. ಎರಡು ಮೈಲಿ ನಡೆಸಿ, ಕಾಲು ಎತ್ತಿ ನೋಡಿ, ಆಮೇಲೆ ಬಿಡೋನು. ನಿಂತ ಕುರಿ ಎಲ್ಲಾ ಚೆನ್ನಾಗೇ ಕಾಣ್ತೈತೆ."

ನಾನಾಗ ಮೊಳಕಾಲ್ಮೂರಿನ ಸಾವುಕಾರರೊಬ್ಬರ ವ್ಯಾನಿಗೆ ಡ್ರೈವರು. ಸಾವುಕಾರರು ಸೀರೆ ವ್ಯಾಪಾರದವರು, ಬಾಯಿ ಜೋರು. ಬೆಂಗಳೂರಿನಿಂದ ನಾಲ್ಕು ಬೆಳ್ಳಗೆ ಹೊಳೆಯುವ ಅಲ್ಯೂಮಿನಿಯಂ ಚಕ್ರ ತಂದು ನನ್ನ ಕೈಲಿ ಮೇಸ್ತ್ರಿ ಹತ್ತಿರ ಕಳಿಸಿದರು. ಮೇಸ್ತ್ರಿ ಒಂದನ್ನು ಬೋರಲು ಹಾಕಿ, ಹಿಂದೆ ಅಚ್ಚೊತ್ತಿದ್ದ ಅಂಕಿ ಓದಿ, ಇದು ನಾಲ್ಕು ಜನ ಕೂರುವ ಕಾರಿನ ಚಕ್ರ, ನಿಮ್ಮ ಸಾವುಕಾರರು ಹದಿನಾಲ್ಕು ಜನರನ್ನು ತುಂಬುತ್ತಾರೆ, ತಗೊಂಡು ಹೋಗು ಅಂದರು. ಸಾವುಕಾರರು ಕೂಗಾಡಿದರು. ಕಡೆಗೆ ಸೋತು, ಭಾರದ ಗಾಡಿಯ ಉಕ್ಕಿನ ರಿಮ್ಮು ತರಿಸಿಕೊಟ್ಟರು. ಅದಕ್ಕೆ ಬಳೆ ಕಡೆದು, ಬೋಲ್ಟು ಬದಲಿಸಿ, ಪೂರಿ ಹಿಟ್ಟಿನ ಪರೀಕ್ಷೆ ಮುಗಿಸಿ, ಒಂದು ಬೆಳಿಗ್ಗೆ ಹನ್ನೊಂದೂಕಾಲಿಗೆ ಮೇಸ್ತ್ರಿ ಪಾನ ಕೆಳಗಿಟ್ಟರು.

ಹೊಸ ಚಕ್ರದ ಗಾಡಿ ತಳಕಿಗೆ ಹೊರಟರೆ ಯಾವಾಗಲೂ ಅವರೂ ಡ್ರೈವರನ ಪಕ್ಕ ಕೂತು ಹೋಗುತ್ತಿದ್ದರು. ಕಿಟಕಿಯಿಂದ ತಲೆ ಹೊರಗೆ ಹಾಕಿ ಚಕ್ರದ ಸದ್ದು ಕೇಳುತ್ತಿದ್ದರು. ಅವತ್ತು ಲೇತಿನ ಮೇಲೆ ಒಂದು ಪಂಪ್‌ಸೆಟ್ಟಿನ ಸಾಮಾನು ಅರ್ಧಕ್ಕೆ ನಿಂತಿತ್ತು, ಅದರ ರೈತ ಬಾಗಿಲಲ್ಲೇ ಕೂತಿದ್ದ. ನಾನು ಸರ್ಕಾರಿ ಬಸ್ಸಿನ ಡ್ರೈವರ್ ಕೆಲಸಕ್ಕೆ ಅರ್ಜಿ ಹಾಕಿದ್ದ ಕಾಲ ಅದು. ಓಡಿಸಿ ತೋರಿಸುವ ಪರೀಕ್ಷೆ ಮುಂದಿನ ತಿಂಗಳಿತ್ತು. ಅದನ್ನು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದ್ದೆ, ಮೇಸ್ತ್ರಿಗಂತೂ ಹತ್ತು ಸಲ ಹೇಳಿದ್ದೆ. ಅವರು ಕೈ ಒರೆಸಿಕೊಳ್ಳುತ್ತ ನಕ್ಕರು.

"ಸರ್ಕಾರಿ ಡ್ರೈವರ್ ಆಗೋನು ನೀನು. ನಿನ್ನ ಜೊತೆ ನಾನ್ಯಾಕೆ? ತಳಕಿನ ತನಕ ಹೋಗಿ ಬಾ."

ಇಷ್ಟೇ. ಅವರು ನನ್ನನ್ನು ನಂಬಿದ್ದು ಇಷ್ಟೇ ಮಾತಿನಲ್ಲಿ.

ಅವತ್ತು ಸಾವುಕಾರರ ಮನೆಯವರು ಹೆಣ್ಣು ನೋಡಲು ರಾಯದುರ್ಗಕ್ಕೆ ಹೊರಡುವವರಿದ್ದರು. ಒಂದು ಗಂಟೆಗೆ ವ್ಯಾನು ಬಾಗಿಲಲ್ಲಿರಬೇಕು, ತಡವಾದರೆ ಚರ್ಮ ಸುಲಿಯುತ್ತೀನಿ ಅಂತ ಸಾವುಕಾರರು ಹಿಂದಿನ ದಿನವೇ ಹೇಳಿದ್ದರು. ತಳಕು ಸೇರಿದಾಗ ಹನ್ನೆರಡು ಹತ್ತಿರ. ಅಲ್ಲಿ ಟೀ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ ಲೆಕ್ಕ ಹಾಕಿದೆ. ವಾಪಸು ಚಳ್ಳಕೆರೆಗೆ ಹೋಗಿ, ಬಿಗಿಸಿಕೊಂಡು, ಮತ್ತೆ ಇಲ್ಲಿಗೆ ಬರುವಷ್ಟರಲ್ಲಿ ಒಂದೂವರೆ. ಮೊಳಕಾಲ್ಮೂರು ಮುಟ್ಟುವಾಗ ಎರಡೂಕಾಲು. ಮುಂದೆ ಹೋದರೆ ಮುಕ್ಕಾಲು ಗಂಟೆ. ಗಾಡಿ ಬೆಣ್ಣೆಯ ಹಾಗೆ ಓಡುತ್ತಿತ್ತು. ನಾನು ಮುಂದೆ ಹೋದೆ.

ಇಷ್ಟಕ್ಕೇ ನಿಂತಿದ್ದರೆ ಅವಸರ ಅಂತ ಹೇಳಿ ಮನಸ್ಸಿಗೆ ಸಮಾಧಾನ ಮಾಡಿಕೊಳ್ಳಬಹುದಿತ್ತು. ಮೊಳಕಾಲ್ಮೂರಿನ ಅಂಚಿಗೆ ಬಂದಾಗ ಸಾವುಕಾರರು ಮೊದಲು ಗೆರೆ ನೋಡುತ್ತಾರೆ ಅನ್ನೋದು ನೆನಪಾಯಿತು. ಬಸ್ ನಿಲ್ದಾಣದ ಹತ್ತಿರದ ಬಳೆ ಅಂಗಡಿಗೆ ಹೋಗಿ, ಅಕ್ಕನಿಗೆ ಅಂತ ಸುಳ್ಳು ಹೇಳಿ, ಒಂದು ಕೆಂಪು ಉಗುರುಬಣ್ಣ ಕೊಂಡೆ. ಒಂದು ಹುಣಸೆ ಮರದ ಕೆಳಗೆ ಗಾಡಿ ನಿಲ್ಲಿಸಿ, ಕುಕ್ಕರುಗಾಲಲ್ಲಿ ಕೂತು, ಇಪ್ಪತ್ತು ನಟ್ಟಿಗೂ ಒಂದೊಂದು ಗೆರೆ ಎಳೆದೆ. ಪಾನ ಸೀಟಿನ ಕೆಳಗೇ ಇತ್ತು. ಅದನ್ನು ಮುಟ್ಟಲೂ ಇಲ್ಲ. ಗೆರೆ ಎಳೆದ ಮೇಲೆ ನನಗೇ ಎಲ್ಲ ಸರಿಯಿದೆ ಅನ್ನಿಸಿಬಿಟ್ಟಿತು.

ಸಾವುಕಾರರು ಬಗ್ಗಿ ನೋಡಿ ತಲೆಯಾಡಿಸಿದರು. ರಾಯದುರ್ಗಕ್ಕೆ ಹೊರಟಿದ್ದು ಮಾತ್ರ ಮೂರು ಗಂಟೆಗೆ. ಮನೆಯ ಹೆಂಗಸರು ಇನ್ನೂ ಸೀರೆ ಆರಿಸುತ್ತಿದ್ದರು.

ನಾಲ್ಕನೇ ದಿನ ಮೊಳಕಾಲ್ಮೂರಿನಿಂದ ಜನ ತುಂಬಿಕೊಂಡು, ನಮ್ಮ ಕಡೆಯ ಹಾನಗಲ್ಲು ದಾಟಿ ತಳಕಿನ ಕಡೆ ಬರುವಾಗ ಹಿಂದಿನ ಎಡ ಚಕ್ರ ಕಳಚಿತು. ಅದು ಎಡಗಡೆ ಕಿಟಕಿಯ ಆಚೆಯಿಂದ ವ್ಯಾನನ್ನು ದಾಟಿ ಮುಂದೆ ಓಡಿ ಶೇಂಗಾ ಹೊಲಕ್ಕೆ ಇಳಿದದ್ದನ್ನು ಕಣ್ಣಾರೆ ನೋಡಿದೆ. ವ್ಯಾನು ನೆಲಕ್ಕೆ ಕುಸಿದು, ಕಿರುಚುತ್ತ ಜಾರಿ, ಮೋರಿಯ ಕಟ್ಟೆಗೆ ಒರಗಿ ನಿಂತಿತು. ಯಾರ ಜೀವಕ್ಕೂ ಏನೂ ಆಗಲಿಲ್ಲ. ಸೀರೆ ಗಂಟು ಮಡಿಲಲ್ಲಿಟ್ಟುಕೊಂಡು ಹಿಂದೆ ಕೂತಿದ್ದ ಮೊಳಕಾಲ್ಮೂರಿನ ವಯಸ್ಸಾದ ನೇಕಾರರೊಬ್ಬರ ಬಲಗೈ ಮುರಿಯಿತು. ಅವರು ಗಂಟು ಬಿಟ್ಟಿರಲಿಲ್ಲ, ಅದಕ್ಕೇ ಕೈ ಮುರಿದದ್ದು.

ದಿನಾ ಬೆಳಿಗ್ಗೆ ಒಂದು ಸುತ್ತು ಹಾಕಿ ಗೆರೆ ನೋಡಿದ್ದರೆ ನಟ್ಟು ಕದಲಿದ್ದು ಮೊದಲ ದಿನವೇ ಕಾಣುತ್ತಿತ್ತು. ಅದು ನಾನೇ ಎಳೆದ ಗೆರೆ. ಅದರ ಮುಖ ನೋಡಲು ನನಗೆ ನಾಚಿಕೆಯಾಗಿತ್ತು, ನಾಲ್ಕು ದಿನವೂ ಆ ಕಡೆ ತಲೆ ಹಾಕಿರಲಿಲ್ಲ.

ಸುದ್ದಿ ತಿಳಿದು ಮಧ್ಯಾಹ್ನದ ಹೊತ್ತಿಗೆ ಮೇಸ್ತ್ರಿ ಮೊಪೆಡ್ಡಿನಲ್ಲಿ ಬಂದರು. ಅಷ್ಟರಲ್ಲಿ ಸಾವುಕಾರರೂ ಬಂದು, ಸುತ್ತ ನೆರೆದವರ ಮುಂದೆ ಉಳಿದ ಮೂರು ಚಕ್ರದ ಗೆರೆಗಳನ್ನು ತೋರಿಸಿ ತೋರಿಸಿ ಬೈಯುತ್ತಿದ್ದರು. ಗೆರೆ ಹಾಕಿ ಕಳಿಸಿದ ಗಾಡಿ ಹೀಗಾದರೆ ಇನ್ನು ಯಾರನ್ನು ನಂಬುವುದು ಅಂತ. ಮೇಸ್ತ್ರಿ ಮುಂದಿನ ಚಕ್ರದ ಹತ್ತಿರ ಕುಕ್ಕರಿಸಿ, ಒಂದು ಗೆರೆಯ ಮೇಲೆ ಹೆಬ್ಬೆರಳು ಆಡಿಸಿದರು. ರಸ್ತೆಯ ಮೇಲೆ ಬಿದ್ದಿದ್ದ ಒಂದು ನಟ್ಟನ್ನು ಎತ್ತಿ, ಬಿಸಿಲಿಗೆ ಹಿಡಿದು ನೋಡಿ, ಅಂಗಿ ಜೇಬಿಗೆ ಹಾಕಿಕೊಂಡರು. ಆಮೇಲೆ ಒಂದೇ ಒಂದು ಸಲ ನನ್ನ ಕಡೆ ನೋಡಿದರು. ನಾನು ಹೊಲದಲ್ಲಿ ಬಿದ್ದ ಚಕ್ರ ತರಲು ಹೋದವನ ಹಾಗೆ ಅಲ್ಲಿಂದ ಸರಿದೆ.

"ನಿನ್ನ ಗೆರೆ ಹೌದೋ ಅಲ್ವೋ, ಅಷ್ಟು ಹೇಳು ಮೇಸ್ತ್ರಿ," ಅಂತ ಸಾವುಕಾರರು ಪಟ್ಟು ಹಿಡಿದರು.

ಅದು ನನಗೆ ಹೊಲದ ಅಂಚಿನಿಂದಲೇ ಕೇಳಿಸಿತು. ಮೇಸ್ತ್ರಿ ಎದ್ದು ಮೊಣಕಾಲಿನ ಮಣ್ಣು ಕೊಡವಿಕೊಂಡರು.

"ಗಾಡಿ ನನ್ನ ಶೆಡ್ಡಿಂದ ಬಂದದ್ದು, ಸಾವುಕಾರ್ರೇ. ಜೊತೆಗೆ ನಾನು ಕೂತು ಹೋಗಬೇಕಿತ್ತು, ಹೋಗಲಿಲ್ಲ. ತಪ್ಪು ನಂದೇ."

ಪೊಲೀಸರು ಬಂದು, ಚಕ್ರ ಕಳಚಿದ್ದರಿಂದ ಆದದ್ದು, ಡ್ರೈವರನ ತಪ್ಪಿಲ್ಲ ಅಂತ ಬರೆದುಕೊಂಡು ಹೋದರು. ಅವರು ಬರೆದದ್ದರ ಕೆಳಗೆ ನಾನು ಸಹಿ ಹಾಕಿದ್ದೆ. ಮುಂದಿನ ತಿಂಗಳು ಪರೀಕ್ಷೆಯಲ್ಲಿ ಪಾಸಾದೆ. ನನಗೆ ಸಿಕ್ಕ ದಾರಿ ಚಳ್ಳಕೆರೆ–ಮೊಳಕಾಲ್ಮೂರು.

ಚಕ್ರ ಕಳಚಿದ ವಾರದಲ್ಲೇ ಮಾತು ಎರಡೂ ತಾಲ್ಲೂಕು ಸುತ್ತಿತು. ಗೆರೆಯ ಚಕ್ರವೂ ಕಳಚುತ್ತದಂತೆ ಅಂತ. ಆದರೂ ಹಳೆಯ ಗಿರಾಕಿಗಳು ಕೆಲವರು ರಿಮ್ಮು ಹೊತ್ತು ಬಂದರು. ಮೇಸ್ತ್ರಿಯೇ ವಾಪಸು ಕಳಿಸಿದರು. ಚಕ್ರದ ಕೆಲಸ ಬಿಟ್ಟೆ ಅಂದರಂತೆ. ಹಮಾಲರನ್ನು ಟೀಗೆ ಕರೆಯುವವರಿಲ್ಲ, ಪೂರಿ ಹಿಟ್ಟು ಕೇಳುವವರಿಲ್ಲ. ಪಂಪ್‌ಸೆಟ್ಟಿನ ಸಾಮಾನು, ಶೇಂಗಾ ಯಂತ್ರದ ಸಾಮಾನು ಕಡೆದುಕೊಂಡು ಉಳಿದ ಕಾಲ ಕಳೆದರು. ಕಿಟಕಿಯಲ್ಲಿ ಸೀಸೆ ಇದ್ದೇ ಇತ್ತು, ಒಳಗಿನ ಬಣ್ಣ ಗಟ್ಟಿಯಾಗಿತ್ತು. ಎರಡು ತಾಲ್ಲೂಕಿನಲ್ಲೇ ಚಕ್ರ ಕೂರಿಸುವುದನ್ನು ಅಷ್ಟು ಬಲ್ಲ ಇನ್ನೊಂದು ಕೈ ಇರಲಿಲ್ಲ. ಅದನ್ನು ಹಾಳು ಮಾಡಿದವನು ನಾನು.

ಕೈ ಮುರಿದ ನೇಕಾರರು ನಾಲ್ಕು ತಿಂಗಳು ಮಗ್ಗಕ್ಕೆ ಕೂರಲಿಲ್ಲ. ಒಂದು ದಿನ ನನ್ನ ಬಸ್ಸಿಗೇ ಹತ್ತಿದರು. ಮೇಸ್ತ್ರಿ ತಿಂಗಳಿಗೊಮ್ಮೆ ಬಂದು ಮಾತಾಡಿಸುತ್ತಾರೆ, ಸೋತ ಕೈಗೆ ಹಿಡಿತ ಸಿಗಲಿ ಅಂತ ಲಾಳಿ ಎಳೆಯುವ ಹಗ್ಗಕ್ಕೆ ಹೊಸ ಮರದ ಹಿಡಿ ಕಡೆದು ಕೊಟ್ಟಿದ್ದಾರೆ ಅಂತ ನನಗೆ ಹೇಳಿದರು. ತಪ್ಪು ಮಾಡಿದರೂ ಮುಖ ತಪ್ಪಿಸದ ಮನುಷ್ಯ ಅಂತ ಹೊಗಳಿದರು. ನಾನು ಹೂಂ ಅಂದೆ. ಹೂಂ ಅಂದ ನನ್ನ ನಾಲಿಗೆಗೆ ಏನು ಹೇಳಲಿ!

ನನ್ನ ಬಸ್ಸು ದಿನಕ್ಕೆ ಎರಡು ಸಲ ಆ ಶೆಡ್ಡಿನ ಮುಂದೆ ಹೋಗುತ್ತಿತ್ತು. ಹತ್ತಿರ ಬಂದಾಗ ಹಾರ್ನ್ ಹೊಡೆಯುತ್ತಿದ್ದೆ. ಮೇಸ್ತ್ರಿ ಮಾಡುತ್ತಿದ್ದ ಕೆಲಸ ಬಿಟ್ಟು ಎದ್ದು ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ನಾನು ಕೈ ಎತ್ತಿ ಮುಂದೆ ಹೋಗುತ್ತಿದ್ದೆ. ನನ್ನ ಮೇಲೆ ಅವರಿಗೆ ಕೋಪವಿಲ್ಲ, ಗೆರೆ ತಮ್ಮದಲ್ಲ ಅಂತ ಗೊತ್ತಿದ್ದರೂ ಎಳೆದದ್ದು ನಾನೇ ಅಂತ ಅವರಿಗೆ ಗೊತ್ತಾಗಿಲ್ಲ ಅಂತ ನಂಬಿಕೊಂಡಿದ್ದೆ. ಹೀಗೇ ಹನ್ನೊಂದು ವರ್ಷ.

ನಡುವೆ ಒಂದೇ ಸಲ, ರಜೆಯ ದಿನ, ಹೇಳಿಯೇ ಬಿಡೋಣ ಅಂತ ಹೋಗಿದ್ದೆ. ಸ್ಟೂಲು ಎಳೆದು ಕೂರಿಸಿದರು, ಎದುರಿನ ಹೋಟೆಲಿಂದ ಟೀ ತರಿಸಿದರು. ನನ್ನ ಮಕ್ಕಳ ಓದು ಕೇಳಿದರು. ಆಮೇಲೆ ಅವರು ಲೇತು ನಿಲ್ಲಿಸಿ, ಕೈ ಮಡಿಲಲ್ಲಿಟ್ಟುಕೊಂಡು, ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಬಿಸಿಲು ಜೋರು ಅಂತ ಏನೋ ಒದರಿ ಎದ್ದೆ. ಅವರು ರಸ್ತೆಯ ತನಕ ಬಂದು ಕಳಿಸಿಕೊಟ್ಟರು.

ಅವರು ತೀರಿಕೊಂಡ ಸುದ್ದಿಯನ್ನು ನನ್ನ ಕಂಡಕ್ಟರು ಹೇಳಿದ. ಮೂರನೇ ದಿನ ಅವರ ಊರು ದೊಡ್ಡಉಳ್ಳಾರ್ತಿಗೆ ಹೋದೆ. ಮನೆಯ ಮುಂದಿನ ಕಟ್ಟೆಯ ಮೇಲೆ ಅವರ ಹೆಂಡತಿ ಕೂತಿದ್ದರು. ನನ್ನ ಗುರುತು ಸಿಕ್ಕಿತು, ಚಾಪೆ ಹಾಸಿದರು. ಕೊಟ್ಟ ನೀರಿನ ಲೋಟವನ್ನೂ ಮುಟ್ಟದೆ ಹೇಳಿದೆ.

"ಅಕ್ಕಾ, ಅವತ್ತಿನ ಆ ಗೆರೆ ಮೇಸ್ತ್ರಿದಲ್ಲ. ನಾನು ಎಳೆದದ್ದು."

ಆಕೆ ಬೆಚ್ಚಲಿಲ್ಲ, ಬೈಯಲಿಲ್ಲ.

"ನನಗೆ ಗೊತ್ತೈತಪ್ಪ. ಅವತ್ತು ಸಂಜೆ ಒಂದು ನಟ್ಟು ತಂದು, ಇದು ನಿನ್ನ ಬಣ್ಣ ಏನೇ ಅಂದ್ರು. ನಂದಲ್ಲ, ಇದು ಗುಲಾಬಿ ಬೆರೆತೈತೆ ಅಂದೆ. ಸರಿ, ಯಾರಿಗೂ ಹೇಳಬ್ಯಾಡ, ಅವನಿಗೆ ಕೆಲಸ ಆಗೋದೈತೆ, ಆದಮೇಲೆ ಅವನೇ ಬಂದು ಹೇಳ್ತಾನೆ ಅಂದ್ರು."

ಸೆರಗಿನ ತುದಿ ಮಡಿಸುತ್ತ ಉಳಿದದ್ದನ್ನೂ ಹೇಳಿದರು.

"ನಿನ್ನ ಬಸ್ಸಿನ ಹಾರ್ನ್ ಕೇಳಿದರೆ ಕೆಲಸ ಬಿಟ್ಟು ಎದ್ದು ನಿಲ್ಲೋರು. ಇವತ್ತು ಇಳೀತಾನೆ ನೋಡು ಅನ್ನೋರು. ಇವತ್ತಲ್ಲ, ನಾಳೆ ಇಳೀತಾನೆ ಅಂತ ನನಗೇ ಸಮಾಧಾನ ಹೇಳೋರು."

ನಾನು ಅಳಲಿಲ್ಲ ಅಂತ ಬರೆದರೆ ಸುಳ್ಳಾಗುತ್ತದೆ. ಅತ್ತು ಏನು ಬಂತು? ಅವರಿಗೆ ಬೇಕಿದ್ದದ್ದು ಹನ್ನೊಂದು ವರ್ಷದಲ್ಲಿ ಒಂದು ನಿಮಿಷ. ಆಮೇಲೆ ಸಾವುಕಾರರಿಗೂ ಹೇಳಿದೆ, ನೇಕಾರರಿಗೂ ಹೇಳಿದೆ, ಡಿಪೋದಲ್ಲೂ ಹೇಳಿದೆ. ಯಾರೂ ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ. ಹಳೇ ಕತೆ ಈಗ್ಯಾಕೆ ಅಂದರು.

ದೊಡ್ಡಉಳ್ಳಾರ್ತಿಯಿಂದ ಬಂದ ಮಾರನೇ ದಿನ ಡ್ಯೂಟಿಗೆ ಹೋದೆ. ಶೆಡ್ಡು ಹತ್ತಿರವಾದಾಗ ಕೈ ತಾನಾಗಿ ಹಾರ್ನಿಗೆ ಹೋಯಿತು, ತಡೆದೆ. ಗಾಡಿ ಎಡಕ್ಕೆ ತಂದು ನಿಲ್ಲಿಸಿದೆ. ಇಲ್ಲಿ ಯಾರು ಇಳೀತಾರ್ರೀ ಅಂತ ಕಂಡಕ್ಟರು ಹಿಂದಿನಿಂದ ಕೇಳಿದ. ನಾನೇ ಇಳೀತೀನಿ ಅಂದೆ. ಇಳಿದು, ಬೀಗ ಹಾಕಿದ ತಗಡಿನ ಬಾಗಿಲ ಮುಂದೆ ಸ್ವಲ್ಪ ಹೊತ್ತು ನಿಂತೆ. ಕಿಟಕಿಯಲ್ಲಿ ಸೀಸೆ ಇನ್ನೂ ಇತ್ತು. ಮತ್ತೆ ಹತ್ತಿ ಬಸ್ಸು ಎತ್ತಿದೆ. ಮೊಳಕಾಲ್ಮೂರು ಸೇರುವಾಗ ಹತ್ತು ನಿಮಿಷ ತಡವಾಗಿತ್ತು. ಯಾಕೆ ತಡ ಅಂತ ಯಾರೂ ಕೇಳಲಿಲ್ಲ.